ಇಗ್ವಾನಾ ಸಾಕಬಹುದಾ ಡಾಕ್ಟ್ರೇ?

ಪ್ರಶ್ನೆ: ಪಿಯುಸಿ ಓದುತ್ತಿರುವ ಮಗ ಇಗ್ವಾನಾ ಅನ್ನೋ ದೊಡ್ಡ ಜಾತಿಯ ಹಲ್ಲಿ ಬೇಕೇ ಬೇಕು ಅಂತ ಹಠ ಹಿಡಿದಿದ್ದಾನೆ. ಅಂಗಡಿಯಲ್ಲಿ ನೋಡಿದೆವು, ಗೇಣುದ್ದದ ಹಸಿರು ಮರಿ. ಕೈಮೇಲೆ ಇಟ್ಟರೂ ಅಲ್ಲಾಡದೆ ಸುಮ್ನೆ ಕೂತಿತ್ತು. ಸೊಪ್ಪು ಹಾಕಿದರೆ ಸಾಕಂತೆ. ನಾಯಿಗಿಂತ ಸುಲಭ ಅಲ್ವಾ?

ಪಶುವೈದ್ಯರ ಉತ್ತರ: ಸುಮ್ನೆ ಕೂತಿದೆ ಅಂದಮಾತ್ರಕ್ಕೆ ಸಾಧು ಅಂತಲ್ಲ ಮೇಡಂ. ಹೆದರಿರಬಹುದು, ಇಲ್ಲಾ ಮೈ ತಣ್ಣಗಾಗಿರಬಹುದು. ಅದು ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡಿನಲ್ಲಿ, ಮರದ ಮೇಲೆ ಬಿಸಿಲು ಕಾಯಿಸುತ್ತಾ ಬದುಕುವ ಪ್ರಾಣಿ. ಹೊರಗಿನ ಬಿಸಿ ಸಿಗದಿದ್ದರೆ ತಿಂದ ಸೊಪ್ಪು ಕೂಡ ಅರಗುವುದಿಲ್ಲ. ಮನೆಯಲ್ಲಾದರೆ 35 ಡಿಗ್ರಿ ಆಸುಪಾಸಿನ ಬಿಸಿ ಜಾಗ, ಪಕ್ಕದಲ್ಲೇ ತಂಪು ಜಾಗ, ಮೇಲೊಂದು ಯುವಿಬಿ ಬಲ್ಬ್ (ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಸೂಸುವ ದೀಪ) ಬೇಕು. ಆ ಕಿರಣ ಬಿದ್ದರೇನೇ ಮೈಯಲ್ಲಿ ವಿಟಮಿನ್ ಡಿ ತಯಾರಾಗುವುದು, ಕ್ಯಾಲ್ಸಿಯಂ ಮೂಳೆಗೆ ಸೇರುವುದು. ‘ಕಿಟಕಿ ಪಕ್ಕ ಇಡ್ತೀವಿ’ ಅನ್ನುವವರೇ ಜಾಸ್ತಿ. ಗಾಜು ಆ ಕಿರಣವನ್ನು ತಡೆದುಬಿಡುತ್ತದೆ!

ಗೇಣುದ್ದ ಇರುವುದು ಈಗ. ಕೆಲವೇ ವರ್ಷಗಳಲ್ಲಿ ಬಾಲ ಸೇರಿ ನಾಲ್ಕೈದು ಅಡಿ ಆಗುತ್ತದೆ. ಗಂಡಾದರೆ, ಬೆದೆಯ ಕಾಲದಲ್ಲಿ ಸಾಕಿದವರ ಮೇಲೇ ಎರಗುವುದುಂಟು. ಚೆನ್ನಾಗಿ ನೋಡಿಕೊಂಡರೆ 15 ವರ್ಷವೂ ಬದುಕೀತು. ಮಗ ಇಂಜಿನಿಯರಿಂಗ್ ಅಂತ ಹೊರಟ ಮೇಲೆ ಅದು ನಿಮ್ಮ ಪಾಲಿಗೇ ತಾನೆ?

ಇನ್ನೊಬ್ಬ ಸದಸ್ಯರು: ಸರ್, ನಮ್ಮನೇಲಿ ಒಂದಿದೆ. ದಿನಾ ಪಾಲಕ್ ಸೊಪ್ಪು, ಸೌತೆಕಾಯಿ ಹಾಕ್ತೀವಿ. ತೊಡೆ ಎಲ್ಲಾ ತುಂಬ್ಕೊಂಡು ಗುಂಡಗಾಗಿದೆ. ಆದ್ರೆ ಈಚೆಗೆ ಬೆರಳು ನಡುಗುತ್ತೆ.

ಉತ್ತರ: ತೊಡೆ ತುಂಬಿಕೊಂಡಿರುವುದು ಆರೋಗ್ಯ ಇರಲಿಕ್ಕಿಲ್ಲ. ಕ್ಯಾಲ್ಸಿಯಂ ಸಾಲದೆ ಮೂಳೆ ಮೆತ್ತಗಾದಾಗಲೂ ಹೀಗೇ ಊದಿಕೊಳ್ಳುತ್ತದೆ. ನಡುಕವೂ ಇದೆ ಅಂದರೆ ತಡಮಾಡಬೇಡಿ, ಹಲ್ಲಿ-ಹಾವು ನೋಡುವ ಅನುಭವ ಇರುವ ವೈದ್ಯರಲ್ಲಿ ಎಕ್ಸ್‌ರೇ ಮಾಡಿಸಿ. ಬಿಗಿಯಾಗಿ ಹಿಡಿಯಬೇಡಿ, ಮೂಳೆ ಮುರಿದೀತು. ಪಾಲಕ್‌ನಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ದಿನಾ ಕೊಡುವ ಸೊಪ್ಪಲ್ಲ ಅದು. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ನೋಡಲು ಆರೋಗ್ಯವಾಗಿದ್ದರೂ ಅದು ಸಾಲ್ಮೊನೆಲ್ಲಾ ಅನ್ನುವ, ವಾಂತಿ-ಭೇದಿ ತರುವ ಬ್ಯಾಕ್ಟೀರಿಯಾ ಹರಡಬಲ್ಲದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇನ್ನೂ ಹುಷಾರು.

ಮತ್ತೊಬ್ಬ ಸದಸ್ಯರು: ಸಾಕೋಕಾಗದಿದ್ರೆ ಕೆರೆ ಹತ್ರ ಬಿಟ್ಬಿಡಬಹುದಲ್ವಾ? ಪಾಪ, ಬದುಕ್ಕೊಳ್ಳುತ್ತೆ.

ಉತ್ತರ: ದಯವಿಟ್ಟು ಬೇಡ. ಬದುಕಿದರೇ ದೊಡ್ಡ ತಲೆನೋವು. ಅಮೆರಿಕದ ಫ್ಲೋರಿಡಾದಲ್ಲಿ ಜನ ಸಾಕಿ ಬಿಟ್ಟವು, ತಪ್ಪಿಸಿಕೊಂಡವು ಸೇರಿ ಸಂತತಿ ಬೆಳೆದು, ಕಾಲುವೆ ದಂಡೆಗಳಲ್ಲಿ ಬಿಲ ತೋಡಿ ಮಣ್ಣು ಕುಸಿಯುತ್ತಿದೆ. ಸಾಕಲಾಗದಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ.

ಮೊದಲು ಕೇಳಿದ ಮೇಡಂಗೆ ಇನ್ನೊಂದು ಮಾತು. ಹಸಿರು ಇಗ್ವಾನಾ ಸೈಟಿಸ್ (ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ. 2024ರ ನಿಯಮದ ಪ್ರಕಾರ ಇಂಥ ಪ್ರಾಣಿ ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅಂಗಡಿಯವರು ಅದರ ಕಾಗದಪತ್ರ ಏನಾದರೂ ತೋರಿಸಿದರಾ?