ವೀಸಾ ಮುಗಿದವಳ ದೂರು: ಆಶ್ರಯ ಕೋರಿದ ಮಹಿಳೆಯ ಮೇಲಿನ ದೌರ್ಜನ್ಯ ಕುರಿತು ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಹೆಣ್ಣೂರಿನ ಮನೆ ಮಾಲೀಕರಿಂದ):

ಮೇಡಂ, ನಮಸ್ಕಾರ. ನಮ್ಮ ಮನೆಯ ಮೊದಲ ಮಹಡಿಯಲ್ಲಿ ಸುಡಾನ್ ದೇಶದ ಹೆಣ್ಣುಮಗಳೊಬ್ಬಳು ಬಾಡಿಗೆಗೆ ಇದ್ದಾಳೆ. ವಿದ್ಯಾರ್ಥಿ ವೀಸಾದ ಮೇಲೆ ಪದವಿ ಓದಲು ಬಂದವಳು. ಓದು ಮುಗಿಯುವುದರೊಳಗೆ ಅವಳ ದೇಶದಲ್ಲಿ ಯುದ್ಧ ಶುರುವಾಗಿ ಹಿಂದಿರುಗಲು ಆಗಲಿಲ್ಲ. ಈಗ ವೀಸಾ ಅವಧಿ ಮುಗಿದಿದೆ. ದೆಹಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಗೆ ಆಶ್ರಯ ಕೋರಿ ಅರ್ಜಿ ಸಲ್ಲಿಸಿ, ಅವರು ಕೊಟ್ಟ ಪತ್ರವನ್ನು ಇಟ್ಟುಕೊಂಡಿದ್ದಾಳೆ. ಹೊಟ್ಟೆಪಾಡಿಗೆ ಒಂದು ಮನೆಯಲ್ಲಿ ಅಡುಗೆ ಮಾಡಿ ಮಗುವನ್ನು ನೋಡಿಕೊಳ್ಳುತ್ತಿದ್ದಳು. ಕಳೆದ ತಿಂಗಳು ಆ ಮನೆಯ ಯಜಮಾನ ಅವಳ ಮೈಮೇಲೆ ಕೈಹಾಕಿದ್ದಾನೆ. ತಳ್ಳಿದಾಗ ಅವಳ ಬಣ್ಣವನ್ನು ಹೀಯಾಳಿಸಿ, ‘ನಿಮ್ಮ ದೇಶದ ಹೆಂಗಸರು ಇಲ್ಲಿ ಏನು ಮಾಡುತ್ತಾರೆಂದು ಎಲ್ಲರಿಗೂ ಗೊತ್ತು, ಪೊಲೀಸರ ಹತ್ತಿರ ಹೋದರೆ ಮೊದಲು ಒಳಗೆ ಹೋಗುವವಳು ನೀನೇ’ ಎಂದಿದ್ದಾನೆ. ಎರಡು ತಿಂಗಳ ಸಂಬಳವೂ ಬಾಕಿ ಇದೆ. ಅವಳು ದೂರು ಕೊಡಬಹುದೇ? ಕೊಟ್ಟರೆ ಅವಳನ್ನೇ ಹಿಡಿದು ಕೂರಿಸುತ್ತಾರೆಯೇ?

ಉತ್ತರ (ವಕೀಲರು):

ದೂರು ಖಂಡಿತ ಕೊಡಬಹುದು. ಆದರೆ ಅವಳಿಗೆ ಯಾವ ಅಪಾಯವೂ ಇಲ್ಲವೆಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ.

ಮೊದಲು ಹಕ್ಕಿನ ವಿಷಯ. ಸಂವಿಧಾನದ 14 ಮತ್ತು 21ನೇ ವಿಧಿಗಳು ‘ನಾಗರಿಕ’ ಎನ್ನುವುದಿಲ್ಲ, ‘ವ್ಯಕ್ತಿ’ ಎನ್ನುತ್ತವೆ. 1998ರಲ್ಲಿ ಹೌರಾ ರೈಲು ನಿಲ್ದಾಣದ ಯಾತ್ರಿ ನಿವಾಸದಲ್ಲಿ ಬಾಂಗ್ಲಾದೇಶದ ಮಹಿಳೆಯೊಬ್ಬರ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಾಗ, ಆಕೆ ಈ ದೇಶದವಳಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2000ದಲ್ಲಿ ತಳ್ಳಿಹಾಕಿ, 10 ಲಕ್ಷ ರೂಪಾಯಿ ಪರಿಹಾರದ ಆದೇಶವನ್ನು ಎತ್ತಿಹಿಡಿಯಿತು. ಭಾರತೀಯ ನ್ಯಾಯ ಸಂಹಿತೆಯ 74 (ಮಾನಭಂಗದ ಉದ್ದೇಶದ ಹಲ್ಲೆ), 75 (ಲೈಂಗಿಕ ಕಿರುಕುಳ), 79 (ಮಾನಕ್ಕೆ ಕುಂದು ತರುವ ಮಾತು, ಸನ್ನೆ) ಮತ್ತು 351 (ಬೆದರಿಕೆ) ಕಲಮುಗಳಲ್ಲಿ ನೊಂದವಳ ಪೌರತ್ವದ ಪ್ರಶ್ನೆಯೇ ಬರುವುದಿಲ್ಲ. ಇಂಥ ದೂರನ್ನು ಮಹಿಳಾ ಅಧಿಕಾರಿಯೇ ದಾಖಲಿಸಿಕೊಳ್ಳಬೇಕು. ಘಟನೆ ನಡೆದ ಜಾಗ ಆ ಠಾಣೆಯ ವ್ಯಾಪ್ತಿಯಲ್ಲಿ ಇಲ್ಲದಿದ್ದರೂ ತೆಗೆದುಕೊಳ್ಳಬೇಕು.

ಇನ್ನು ಅಪಾಯದ ವಿಷಯ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಮ್ಮಲ್ಲಿ ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ಇಲ್ಲ. ಹೀಗಾಗಿ ವಿಶ್ವಸಂಸ್ಥೆಯ ಪತ್ರ ವೀಸಾಕ್ಕೆ ಸಮವಲ್ಲ. 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ ವೀಸಾ ಅವಧಿ ಮೀರಿ ಉಳಿದವರಿಗೆ 3 ವರ್ಷಗಳವರೆಗೆ ಸೆರೆ, 3 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ನೆಲಮಂಗಲದ ಬಳಿಯ ಸೊಂಡೆಕೊಪ್ಪದಲ್ಲಿ ವಿದೇಶಿಯರನ್ನು ಇರಿಸುವ ಕೇಂದ್ರವೂ ಇದೆ. ಆ ಯಜಮಾನನಿಗೆ ಕಲಮುಗಳ ಸಂಖ್ಯೆ ಗೊತ್ತಿರಲಾರದು, ಆದರೆ ಅವಳಿಗೆ ಯಾವುದರ ಭಯ ಇದೆಯೆಂದು ಚೆನ್ನಾಗಿ ಗೊತ್ತಿದೆ. ಇಂಥ ಪ್ರಕರಣಗಳಲ್ಲಿ ನಾನು ಮತ್ತೆ ಮತ್ತೆ ಕಂಡಿರುವುದು ಇದನ್ನೇ: ಮೈಮೇಲೆ ಬೀಳುವ ಕೈ, ಬಾಯಿಂದ ಬರುವ ಬಣ್ಣದ ಬೈಗುಳ ಮತ್ತು ವೀಸಾದ ಬೆದರಿಕೆ ಒಂದೇ ಉಸಿರಿನಲ್ಲಿ ಬರುತ್ತವೆ. ಆದ್ದರಿಂದ ದೂರಿನಲ್ಲಿಯೂ ಅವನ್ನು ಬೇರ್ಪಡಿಸಬಾರದು.

ಇದನ್ನು ಒತ್ತಿ ಹೇಳಲು ಕಾರಣವಿದೆ. ದೂರು ಬರೆದುಕೊಳ್ಳುವವರು ಸಾಮಾನ್ಯವಾಗಿ ‘ಅವಾಚ್ಯ ಶಬ್ದಗಳಿಂದ ನಿಂದಿಸಿ’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಹಾಗೆ ಮಾಡಲು ಬಿಡಬೇಡಿ. ಜನಾಂಗೀಯ ನಿಂದನೆಯನ್ನೇ ಗುರಿಯಾಗಿಟ್ಟ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಗುಂಪುಗಳ ನಡುವೆ ದ್ವೇಷ ಹರಡುವುದನ್ನು ಶಿಕ್ಷಿಸುವ ನ್ಯಾಯ ಸಂಹಿತೆಯ 196ನೇ ಕಲಮು ನಾಲ್ಕು ಗೋಡೆಗಳ ನಡುವೆ ಒಬ್ಬನು ಒಬ್ಬಳಿಗೆ ಆಡಿದ ಮಾತಿಗೆ ಹೊಂದುವುದು ಕಷ್ಟ. ಆದರೆ ಅವನು ಯಾವ ಭಾಷೆಯಲ್ಲಿ ಏನೆಂದನೋ ಅದನ್ನು ಅಕ್ಷರಶಃ ಬರೆಸಿದರೆ, 79 ಮತ್ತು 351ನೇ ಕಲಮುಗಳಿಗೆ ಅದೇ ಸಾಕ್ಷ್ಯವಾಗುತ್ತದೆ. ಅವಳಿಗೆ ಕನ್ನಡ ಬಾರದಿದ್ದರೆ, ತನಗೆ ಬರುವ ಭಾಷೆಯಲ್ಲಿ ಈಗಲೇ, ಮಾತುಗಳು ನೆನಪಿನಲ್ಲಿ ಹಸಿಯಾಗಿರುವಾಗಲೇ, ಕೈಬರಹದಲ್ಲಿ ಬರೆದು ದಿನಾಂಕ ಹಾಕಿ ಇಟ್ಟುಕೊಳ್ಳಲಿ.

ಠಾಣೆಗೆ ಒಬ್ಬಳೇ ಹೋಗುವುದು ಬೇಡ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ 12ನೇ ಕಲಮಿನಂತೆ ಯಾವುದೇ ಮಹಿಳೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವಿಗೆ ಅರ್ಹಳು. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ ಮೊದಲು ವಕೀಲರನ್ನು ಪಡೆಯಿರಿ. ವಿಶ್ವಸಂಸ್ಥೆಯ ಕಚೇರಿಗೂ ದೂರಿಗೆ ಮುಂಚೆಯೇ ಲಿಖಿತವಾಗಿ ತಿಳಿಸಿರಲಿ.

ಮರುಪ್ರಶ್ನೆ (ಬಾಣಸವಾಡಿಯವರೊಬ್ಬರಿಂದ):

ಕ್ಷಮಿಸಿ, ನೇರವಾಗಿ ಕೇಳುತ್ತೇನೆ. ನಮ್ಮ ಹೆಣ್ಣುಮಕ್ಕಳೇ ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಯುವಾಗ, ವೀಸಾ ಮುಗಿದವರು ತಮ್ಮ ದೇಶಕ್ಕೆ ಹೋಗುವುದೇ ಸರಿಯಾದ ದಾರಿಯಲ್ಲವೇ?

ಉತ್ತರ:

ಕೇಳಿದ್ದು ಒಳ್ಳೆಯದಾಯಿತು, ಎಷ್ಟೋ ಜನ ಇದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾರೆ. ಸುಡಾನ್‌ನಲ್ಲಿ 2023ರ ಏಪ್ರಿಲ್ 15ರಂದು ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಕದನ ಆರಂಭವಾಯಿತು. ರಾಜಧಾನಿ ಖಾರ್ತೂಮ್‌ನಲ್ಲಿ, ಪಶ್ಚಿಮದ ಡಾರ್ಫರ್ ಪ್ರಾಂತ್ಯದಲ್ಲಿ ಮಹಿಳೆಯರ ಮೇಲಿನ ಅತ್ಯಾಚಾರ ಯುದ್ಧದ ಆಯುಧವೇ ಆಗಿದೆಯೆಂದು, ಡಾರ್ಫರ್‌ನಲ್ಲಿ ಅದು ಅರಬ್ಬೇತರ ಜನಾಂಗಗಳ ಮಹಿಳೆಯರನ್ನು ಗುರಿಯಾಗಿಸಿಕೊಂಡಿದೆಯೆಂದು ವಿಶ್ವಸಂಸ್ಥೆಯ ತನಿಖೆಗಳು ದಾಖಲಿಸಿವೆ. ಅಲ್ಲಿ ಜನಾಂಗದ ಕಾರಣಕ್ಕೆ, ಹೆಣ್ಣೆಂಬ ಕಾರಣಕ್ಕೆ ಏನಾಗಬಹುದೋ ಎಂದು ಹೆದರಿ ಇಲ್ಲಿಯೇ ಉಳಿದವಳಿಗೆ, ಇಲ್ಲಿಯೂ ಅವೆರಡೇ ಕಾರಣಕ್ಕೆ ಹೀಗಾಗಿದೆ. ಬೇರೆ ಕಾರಣಕ್ಕೆ ದೇಶ ಬಿಟ್ಟು ಬಂದು, ಆನಂತರ ಅಲ್ಲಿ ಪರಿಸ್ಥಿತಿ ಕೆಟ್ಟು ಹಿಂದಿರುಗಲಾಗದವರನ್ನೂ ನಿರಾಶ್ರಿತರೆಂದು ಅಂತರರಾಷ್ಟ್ರೀಯ ಕಾನೂನು ಒಪ್ಪುತ್ತದೆ.

1951ರ ಒಪ್ಪಂದದಲ್ಲಿ ಕಿರುಕುಳದ ಕಾರಣಗಳ ಪಟ್ಟಿಯಲ್ಲಿ ಜನಾಂಗ, ಧರ್ಮ, ರಾಷ್ಟ್ರೀಯತೆ ಎಲ್ಲ ಇದ್ದರೂ ಲಿಂಗ ಎಂಬ ಪದವೇ ಇಲ್ಲ. ನಂತರದ ವ್ಯಾಖ್ಯಾನಗಳಿಂದ ಅದನ್ನು ಒಳಗೆ ತರಬೇಕಾಯಿತು. ಆದರೆ ಒಪ್ಪಂದಕ್ಕೆ ಸಹಿ ಹಾಕದ ಭಾರತದ ಗೃಹ ಸಚಿವಾಲಯ, ತಾವು ನಿರಾಶ್ರಿತರೆನ್ನುವ ವಿದೇಶಿಯರ ವಿಷಯದಲ್ಲಿ ಅನುಸರಿಸಲು 2011ರ ಡಿಸೆಂಬರ್‌ನಲ್ಲಿ ಹೊರಡಿಸಿದ ಕಾರ್ಯವಿಧಾನದಲ್ಲಿ ಲಿಂಗವನ್ನು ಸ್ಪಷ್ಟವಾಗಿ ಹೆಸರಿಸಲಾಗಿದೆ. ಅದರಡಿ ದೀರ್ಘಾವಧಿ ವೀಸಾ ದೊರೆತವರು ಖಾಸಗಿ ವಲಯದಲ್ಲಿ ಕೆಲಸ ಮಾಡಲೂ ಅವಕಾಶವಿದೆ. ಇವಳ ವಕೀಲರು ವಿದೇಶಿಯರ ನೋಂದಣಿ ಕಚೇರಿಯಲ್ಲಿ ಅದಕ್ಕೂ ಅರ್ಜಿ ಸಲ್ಲಿಸುವುದನ್ನು ಯೋಚಿಸಬೇಕು. ಅಪಾಯವಿರುವ ದೇಶಕ್ಕೆ ದೂಡಬಾರದೆಂಬ ತತ್ವ 21ನೇ ವಿಧಿಯಲ್ಲೇ ಅಡಕವಾಗಿದೆಯೆಂದು 1998ರಲ್ಲಿ ಗುಜರಾತ್ ಹೈಕೋರ್ಟ್ ಹೇಳಿತ್ತು. 2021ರಲ್ಲಿ ಮ್ಯಾನ್ಮಾರ್‌ನಿಂದ ಬಂದ ರೋಹಿಂಗ್ಯಾಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ ಅಷ್ಟು ಉದಾರವಾಗಿರಲಿಲ್ಲ. ನಿಗದಿತ ವಿಧಾನ ಅನುಸರಿಸಿ ಗಡೀಪಾರು ಮಾಡಬಹುದೆಂದಿತು. ಆದ್ದರಿಂದ ಯಾವ ವಕೀಲರೂ ಖಾತರಿ ಕೊಡಲಾರರು.

‘ನಮ್ಮ ಹೆಣ್ಣುಮಕ್ಕಳು’ ಎಂದಿರಿ. 2016ರ ಜನವರಿ ಕೊನೆಯಲ್ಲಿ ಹೆಸರಘಟ್ಟ ರಸ್ತೆಯ ಬಳಿ ಸುಡಾನ್‌ನವನೊಬ್ಬನ ಕಾರು ಮಹಿಳೆಯೊಬ್ಬರ ಪ್ರಾಣ ತೆಗೆದಾಗ, ಆ ಘಟನೆಗೆ ಸಂಬಂಧವೇ ಇಲ್ಲದ, ಆಮೇಲೆ ಬೇರೆ ಕಾರಿನಲ್ಲಿ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ನಡೆಸಿತು. ಸತ್ತವರೂ ಹೆಣ್ಣು, ಹೊಡೆತ ತಿಂದವಳೂ ಹೆಣ್ಣು.

ಪ್ರಶ್ನೆ (ಶುಶ್ರೂಷಕಿಯೊಬ್ಬರಿಂದ):

ಅತ್ಯಾಚಾರಕ್ಕೆ ಒಳಗಾದ ವಿದೇಶಿ ಮಹಿಳೆ ಆಸ್ಪತ್ರೆಗೆ ಬಂದರೆ ಪಾಸ್‌ಪೋರ್ಟ್ ನೋಡಿಯೇ ದಾಖಲಿಸಿಕೊಳ್ಳಬೇಕೇ?

ಉತ್ತರ:

ಇಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಅಪರಾಧ ಪ್ರಕರಣಗಳ ವಿಧಿವಿಧಾನದ ಕಾನೂನು) 397ನೇ ಕಲಮಿನಂತೆ ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳು ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು, ನಿರಾಕರಿಸುವುದು ಶಿಕ್ಷಾರ್ಹ. ಪೊಲೀಸರಿಗೆ ತಿಳಿಸುವ ಹೊಣೆಯೂ ಆಸ್ಪತ್ರೆಯದೇ ಎಂಬುದನ್ನು ಆಕೆಗೆ ಮೊದಲೇ ಹೇಳಿಬಿಡಿ. ವೈದ್ಯಕೀಯ ಪರೀಕ್ಷೆಗೆ ಆಕೆಯ ಒಪ್ಪಿಗೆ ಬೇಕು. ಬೇಡವೆಂದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಗುಪ್ತಾಂಗದೊಳಗೆ ಬೆರಳಿಟ್ಟು ನೋಡುವ ಎರಡು ಬೆರಳಿನ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ 2013ರಲ್ಲಿಯೇ ಖಂಡಿಸಿ, 2022ರಲ್ಲಿ ಮತ್ತೆ ನಿಷೇಧಿಸಿದೆ.

ಮರುಪ್ರಶ್ನೆ (ಮೊದಲು ಕೇಳಿದ ಮಾಲೀಕರಿಂದ):

ಮೇಡಂ, ನಿಮ್ಮ ಉತ್ತರವನ್ನು ಅವಳಿಗೆ ಓದಿ ಹೇಳಿದೆ. ಠಾಣೆ ಬೇಡ, ಸಂಬಳ ಸಿಕ್ಕರೆ ಸಾಕು ಎನ್ನುತ್ತಾಳೆ. ಪೊಲೀಸರ ಹತ್ತಿರ ಹೋಗದೆ ಬೇರೆ ದಾರಿ ಇದೆಯೇ? ಬಾಡಿಗೆ ಕೊಟ್ಟ ನನಗೇನಾದರೂ ತೊಂದರೆ ಇದೆಯೇ?

ಉತ್ತರ:

ನಿಮ್ಮದನ್ನು ಮೊದಲು ಮುಗಿಸುತ್ತೇನೆ. ವಿದೇಶಿಯರಿಗೆ ಮನೆ ಕೊಟ್ಟವರು ಆ ಮಾಹಿತಿಯನ್ನು ನೋಂದಣಿ ಅಧಿಕಾರಿಗೆ ಸಲ್ಲಿಸಬೇಕು. ಎಲ್ಲರೂ ಸಿ ಫಾರಂ ಎನ್ನುತ್ತಿದ್ದದ್ದು ಇದನ್ನೇ. ನೀವು ಆಗ ಸಲ್ಲಿಸಿದ್ದರ ಪ್ರತಿಯನ್ನು ಹುಡುಕಿ ಇಟ್ಟುಕೊಳ್ಳಿ. ಸಲ್ಲಿಸಿರದಿದ್ದರೆ, ವೀಸಾ ಮುಗಿದ ಮೇಲೆ ಏನು ಮಾಡಬೇಕೆಂಬುದನ್ನು ವಕೀಲರನ್ನು ಕಾಣದೆ ನಿರ್ಧರಿಸಬೇಡಿ. ಭಯಪಟ್ಟು ಅವಳನ್ನು ಮನೆಯಿಂದ ಹೊರಹಾಕಿದರೆ ಮಾತ್ರ ಆ ಯಜಮಾನನ ಕೆಲಸವನ್ನು ನೀವು ಪೂರ್ತಿ ಮಾಡಿಕೊಟ್ಟಂತೆ.

ಅವಳ ವಿಷಯದಲ್ಲಿ, ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆ, 2013ರಡಿ ಮನೆಗೆಲಸದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬಹುದು. ಪೊಲೀಸರನ್ನು ತಪ್ಪಿಸುವ ದಾರಿಯೆಂದು ಹಲವರು ಇದನ್ನು ಸೂಚಿಸುತ್ತಾರೆ. ಆ ಕಾಯ್ದೆಯ 11ನೇ ಕಲಮನ್ನು ಅವರು ಓದಿರುವುದಿಲ್ಲ. ಮನೆಗೆಲಸದವರ ಪ್ರಕರಣದಲ್ಲಿ ಮೇಲ್ನೋಟಕ್ಕೆ ಆಧಾರ ಕಂಡರೆ ಸಮಿತಿಯೇ ಏಳು ದಿನದೊಳಗೆ ದೂರನ್ನು ಪೊಲೀಸರಿಗೆ ಕಳುಹಿಸಬೇಕು. ಸಂಬಳಕ್ಕೆ ವಕೀಲರಿಂದ ನೋಟಿಸ್ ಕೊಡಿಸಬಹುದು. ಆದರೆ ಅನುಮತಿಯಿಲ್ಲದೆ ಕೆಲಸ ಮಾಡಿದ್ದನ್ನು ಅದರಲ್ಲಿ ಬರೆದಂತಾಗುತ್ತದೆ.

ಹಾಗಾಗಿ ಈ ವಾರ ಅವಳು ಮಾಡಬೇಕಾದದ್ದು ಇಷ್ಟು: ನಡೆದದ್ದನ್ನು ಬರೆದಿಡುವುದು, ಆ ಮನೆಯಿಂದ ಬಂದ ಸಂದೇಶಗಳನ್ನು ಅಳಿಸದಿರುವುದು, ಪಾಸ್‌ಪೋರ್ಟ್ ಮತ್ತು ವಿಶ್ವಸಂಸ್ಥೆಯ ಪತ್ರದ ಪ್ರತಿಗಳನ್ನು ನಿಮ್ಮ ಬಳಿ ಒಂದು, ವಕೀಲರ ಬಳಿ ಒಂದು ಇರಿಸುವುದು. ಠಾಣೆಗೆ ಹೋಗುವುದೋ ಬಿಡುವುದೋ ಅವಳೇ ನಿರ್ಧರಿಸಲಿ. ಆದರೆ ಸಮಿತಿಯ ಮೂರು ತಿಂಗಳಲ್ಲಿ ಒಂದು ತಿಂಗಳು ಆಗಲೇ ಕಳೆದಿದೆ ಎಂಬುದನ್ನು ಅವಳಿಗೆ ತಿಳಿಸಿ.