ದಾಸವಾಳದ ಒಂದು ಗೆಲ್ಲು ಪೂರ್ತಿ ಬಿಳಿ, ಕೇಪಳದ ಚಿಗುರು ಹಳದಿ, ಸಂಜೆಮಲ್ಲಿಗೆ ಅರ್ಧರ್ಧ ಬಣ್ಣ, ಎಂತ ಇದೆಲ್ಲ?

ಅಂಗಳದಮನೆ, ಉಡುಪಿ:
ನಮಸ್ಕಾರ ಎಲ್ರಿಗೂ. ನಮ್ಮ ಮನೆ ಕುಂಜಿಬೆಟ್ಟು ಹತ್ರ, ಅಂಗಳ ಚಿಕ್ಕದು, ಗಿಡ ಮಾತ್ರ ಸುಮಾರುಂಟು. ಮಳೆ ಬಿಟ್ಟ ಮೇಲೆ ಬಣ್ಣದ್ದೇ ತಲೆಬಿಸಿ. ಎಲೆಯಲ್ಲಿ ಬಿಳಿ ಬಿಳಿ ಇರುವ ದಾಸವಾಳ ಉಂಟಲ್ವಾ, ನರ್ಸರಿಯವರು ಸ್ನೋ ಕ್ವೀನ್ ಅಂತಾರೆ, ಅದರಲ್ಲಿ ಈಗ ಒಂದು ಗೆಲ್ಲು ಬರೀ ಹಸಿರು ಬಂದು ಎಲ್ಲಕ್ಕಿಂತ ಎತ್ತರ ಹೋಗಿದೆ, ಇನ್ನೊಂದು ಗೆಲ್ಲಲ್ಲಿ ಎಲೆ ಪೂರ್ತಿ ಬಿಳಿ, ಹಸಿರು ಚುಕ್ಕೆ ಕೂಡ ಇಲ್ಲ, ಎಷ್ಟು ಚಂದ ಅಂದ್ರೆ ಅದನ್ನೇ ಕಡಿದು ಬೇರೆ ಚಟ್ಟಿಯಲ್ಲಿ ನಡುವಾ ಅಂತ ಉಂಟು. ಎರಡನೇದು ಕಂಪೌಂಡ್ ಬದಿಯ ಕೇಪಳ (ಇಕ್ಸೋರ), ಚಿಗುರೆಲ್ಲ ಹಳದಿ, ನರ ಮಾತ್ರ ಹಸಿರು. ಪಕ್ಕದ ಮನೆ ಅಕ್ಕ ಸುಣ್ಣ ಹಾಕು ಅಂದ್ರು, ನಮ್ಮವರು ವೈರಸ್ಸು, ಕಿತ್ತು ಬಿಸಾಡು ಅಂತ. ಮತ್ತೆ ಸಂಜೆಮಲ್ಲಿಗೆಯ ಒಂದೇ ಗಿಡದಲ್ಲಿ ಹಳದಿ ಹೂ, ಗುಲಾಬಿ ಹೂ, ಅರ್ಧ ಹಳದಿ ಅರ್ಧ ಗುಲಾಬಿ ಹೂ. ಮೂರಕ್ಕೂ ಮಣ್ಣೇ ಕಾರಣವಾ?

ಬಾಲ್ಕನಿ ಕೃಷಿಕ:
ಮಳೆ ಮಾರಾಯ್ರೆ ಮಳೆ. ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್ ಸುರಿಯುವ ಮಳೆಗೆ ಮಣ್ಣಲ್ಲಿದ್ದ ಸಾರ ಎಲ್ಲ ತೊಳ್ದು ಹೋಗ್ತದೆ, ಹಟ್ಟಿಗೊಬ್ಬರ ಹಾಕಿ ಸ್ವಲ್ಪ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಇರುವ ಉಪ್ಪು) ಕೊಡಿ, ಎಲ್ಲ ಸರಿಯಾಗ್ತದೆ.

ಮುರಕಲ್ಲು:
ಮೇಲಿನವರು ಹೇಳಿದ್ದು ಅರ್ಧ ಸರಿ. ಮಳೆಗೆ ಸಾರಜನಕ, ಮೆಗ್ನೀಸಿಯಂ ತೊಳ್ದು ಹೋಗುದು ಹೌದು, ಆದ್ರೆ ಅವು ಕಮ್ಮಿಯಾದ್ರೆ ಮೊದಲು ಹಳದಿಯಾಗುದು ಅಡಿಯ ಹಳೆ ಎಲೆ, ಯಾಕೆಂದ್ರೆ ಗಿಡ ಹಳೆ ಎಲೆಯಿಂದ ಅದನ್ನು ಎಳ್ಕೊಂಡು ಚಿಗುರಿಗೆ ಕೊಡ್ತದೆ. ಕಬ್ಬಿಣವನ್ನು ಹಾಗೆ ಎಳೀಲಿಕ್ಕೆ ಆಗುದಿಲ್ಲ, ಒಮ್ಮೆ ಎಲೆಗೆ ಹೋದದ್ದು ಬಹುತೇಕ ಅಲ್ಲೇ. ಹಾಗಾಗಿ ಹೊಸ ಎಲೆ ಹಳದಿ, ನರ ಹಸಿರು ಅಂದ್ರೆ ಕಬ್ಬಿಣದ ಕೊರತೆ ಅಂತ ಮೊದಲು ಡೌಟ್ ಪಡ್ಬೇಕು, ಕೇಪಳದಲ್ಲಂತೂ ಇದು ಮಾಮೂಲು. ನಮ್ಮ ಕೆಂಪು ಮಣ್ಣಲ್ಲಿ ಕಬ್ಬಿಣಕ್ಕೆ ಬರವಾ ಅಂತ ಕೇಳ್ತೀರಿ, ಬರ ಇಲ್ಲ, ಮಣ್ಣು ಕೆಂಪಾದದ್ದೇ ಅದರಿಂದ. ಆದ್ರೆ ಗಿಡಕ್ಕೆ ಸಿಗ್ಬೇಕಲ್ಲ. ಮಣ್ಣು ಹುಳಿ ಇದ್ದರೆ ಕಬ್ಬಿಣ ಕರಗ್ತದೆ, ಸುಣ್ಣದ ಅಂಶ ಜಾಸ್ತಿಯಾದ್ರೆ ಕರಗುದೇ ಇಲ್ಲ. ಕರಾವಳಿ ಮಣ್ಣು ಹುಳಿಯೇ, ಆದ್ರೆ ನಿಮ್ಮ ಕೇಪಳ ಇರುದು ಕಂಪೌಂಡ್ ಬದಿಯಲ್ಲಿ, ಗೋಡೆ ಸಾರಣೆ ಮಾಡುವಾಗ ಬಿದ್ದ ಸಿಮೆಂಟ್ ಎಲ್ಲ ಬುಡದಲ್ಲೇ ಇರ್ತದೆ, ಸಿಮೆಂಟಲ್ಲಿ ಸುಣ್ಣದ ಅಂಶ ಉಂಟಲ್ಲ, ಆ ಒಂದಡಿ ಜಾಗದ ಮಣ್ಣೇ ಬೇರೆ. ಅದಕ್ಕೆ ಪುನಃ ಸುಣ್ಣ ಹಾಕಿದ್ರೆ ಮುಗೀತು ಕಥೆ. ಅಕ್ಕನ ಹತ್ರ ಜಗಳ ಬೇಡ, ಹೂಂ ಅನ್ನಿ, ಹಾಕ್ಬೇಡಿ.

ವೈರಸ್ ಅಲ್ಲ ಅಂತ ಹೇಗೆ ಹೇಳುದು ಅಂದ್ರೆ ಬೆಂಡೆ ಗಿಡ ನೆನಪು ಮಾಡಿ. ಬೆಂಡೆಗೆ ಬಿಳಿನೊಣದಿಂದ ಬರುವ ಹಳದಿ ನರದ ರೋಗದಲ್ಲಿ ಶುರುವಿಗೆ ನರ ಹಳದಿ, ಮಧ್ಯ ಹಸಿರು, ನಿಮ್ಮದ್ದಕ್ಕೆ ಸರೀ ಉಲ್ಟಾ. ವೈರಸ್ ಆದ್ರೆ ಎಲೆ ಮುರುಟುದು, ಸಣ್ಣ ಆಗುದು, ಬಣ್ಣ ಕಲಸಿದ ಹಾಗೆ ತೇಪೆ ತೇಪೆ ಇರುದು ಜಾಸ್ತಿ.

ದಾಸವಾಳದ ಕಥೆಗೂ ಮಣ್ಣಿಗೂ ಸಂಬಂಧವೇ ಇಲ್ಲ. ಬಿಳಿ ಪಟ್ಟೆಯ ಗಿಡದ ಕುಡಿಯಲ್ಲಿ ಹಸಿರು ಮಾಡುವ ಜೀವಕೋಶ, ಮಾಡ್ಲಿಕ್ಕೆ ಬಾರದ ಜೀವಕೋಶ ಎರಡೂ ಒಟ್ಟಿಗೆ ಇರ್ತವೆ, ಮೊಗ್ಗು ಯಾವುದರಿಂದ ಹುಟ್ಟಿತೋ ಗೆಲ್ಲು ಹಾಗೆ. ಹಸಿರು ಗೆಲ್ಲಿಗೆ ಊಟ ಮಾಡ್ಕೊಳ್ಳುವ ತಾಕತ್ತು ಜಾಸ್ತಿ, ಬಿಟ್ಟರೆ ಇಡೀ ಗಿಡವನ್ನು ಅದೇ ಆಳ್ತದೆ, ಹುಟ್ಟಿದ ಜಾಗಕ್ಕೇ ಕತ್ತರಿಸಿ. ಪೂರ್ತಿ ಬಿಳಿ ಗೆಲ್ಲು ಉಳಿದ ಗೆಲ್ಲುಗಳ ಅನ್ನ ತಿಂದು ಬದುಕುದು, ಕಡಿದು ನೆಟ್ರೆ ಬೇರು ಬರುವ ಮೊದಲೇ ಸಾಯ್ತದೆ. ಚಂದ ಇದ್ದರೆ ಅಲ್ಲೇ ಬಿಡಿ. ಹೊಸ ಗಿಡ ಬೇಕಾದ್ರೆ ಬಿಳಿ ಹಸಿರು ಎರಡೂ ಇರುವ ಗೆಲ್ಲು ತಗೊಳ್ಳಿ. ಅಂಚು ಹಳದಿ ಇರುವ ಸ್ನೇಕ್ ಪ್ಲಾಂಟ್ ಎಲೆ ತುಂಡು ಮಾಡಿ ನೆಟ್ಟವರಿಗೆ ಇದು ಗೊತ್ತುಂಟು, ಹೊಸ ಗಿಡ ಬರ್ತದೆ, ಹಳದಿ ಅಂಚು ಬರುದಿಲ್ಲ.

ಕಂಕನಾಡಿ ಟೀಚರ್:
ಸಂಜೆಮಲ್ಲಿಗೆ ನನಗೆ ಬಿಡಿ, ನನ್ನ ಇಷ್ಟದ ಗಿಡ. ಎಲೆಯಲ್ಲಿ ಬಿಳಿ ಮಚ್ಚೆ ಇರುವ ಸಂಜೆಮಲ್ಲಿಗೆ ಇಟ್ಕೊಂಡು ಜರ್ಮನಿಯ ಕಾರ್ಲ್ ಕೊರೆನ್ಸ್ 1909ರಲ್ಲಿ ತೋರಿಸಿದ್ದು ಏನಂದ್ರೆ, ಪರಾಗ ಎಲ್ಲಿಂದಾದ್ರೂ ಬರ್ಲಿ, ಬೀಜ ಹಸಿರು ಗೆಲ್ಲಿನದ್ದಾದ್ರೆ ಮರಿ ಹಸಿರು, ಬಿಳಿ ಗೆಲ್ಲಿನದ್ದಾದ್ರೆ ಮರಿಯೂ ಬಿಳಿ, ಅದು ಹುಟ್ಟಿ ಸ್ವಲ್ಪ ದಿನಕ್ಕೆ ಸಾಯ್ತದೆ, ಮಚ್ಚೆ ಗೆಲ್ಲಿನ ಬೀಜದಿಂದ ಮೂರೂ ತರದ್ದು. ಹಸಿರಿನ ವಿಷಯದಲ್ಲಿ ಇಲ್ಲಿ ತಾಯಿಯದ್ದೇ ನಡೆಯುದು ಅಂತ ಆಯ್ತು, ನಮ್ಮ ಅಳಿಯಕಟ್ಟಿನ ಹಾಗೆ :)

ಆದ್ರೆ ನಿಮ್ಮಲ್ಲಿ ಆದದ್ದು ಹೂವಿನಲ್ಲಿ, ಅದು ಬೇರೆ. ಬಣ್ಣ ಮಾಡುವ ಜೀನಿನ ಮಧ್ಯ ಜಾಗ ಬದಲಿಸುವ ಒಂದು ಡಿಎನ್ಎ ತುಂಡು ಬಂದು ಕೂತ್ರೆ ಗುಲಾಬಿ ಬಣ್ಣ ನಿಲ್ತದೆ, ಹಳದಿ ಕಾಣ್ತದೆ, ಅದು ಎದ್ದು ಹೋದ ಜೀವಕೋಶದಲ್ಲಿ ಪುನಃ ಗುಲಾಬಿ. ಮೊಗ್ಗು ತೀರಾ ಎಳತಿರುವಾಗಲೇ ಎದ್ದು ಹೋದ್ರೆ ಅರ್ಧ ಹೂವೇ ಗುಲಾಬಿ, ತಡ ಆದ್ರೆ ಸಣ್ಣ ಗೀರು, ಚುಕ್ಕೆ. ಬಾರ್ಬರಾ ಮೆಕ್ಲಿಂಟಾಕ್ ಇಂತಹ ತುಂಡುಗಳನ್ನು ಜೋಳದ ಕಾಳಿನ ಬಣ್ಣದಲ್ಲಿ ಕಂಡು ಹಿಡಿದದ್ದು, ಅದಕ್ಕೆ 1983ರಲ್ಲಿ ನೊಬೆಲ್ ಬಂತು. ಇನ್ನೊಂದು ವಿಷಯ, ಸಂಜೆಮಲ್ಲಿಗೆಯ ಬಣ್ಣ ದಾಸವಾಳದ ಜಾತಿಯದ್ದಲ್ಲ, ಬೀಟ್ರೂಟ್ ಜಾತಿಯದ್ದು, ಕಾಗದದ ಹೂವಿನದ್ದೂ ಅದೇ.

ಅಂಗಳದಮನೆ, ಉಡುಪಿ:
ತುಂಬಾ ಥ್ಯಾಂಕ್ಸ್! ಗೋಡೆಗೆ ಸಾರಣೆ ಆದದ್ದು ಹೌದು, ಮಳೆಗೆ ಮೊದಲು. ಈಗ ಕೇಪಳಕ್ಕೆ ಎಂತ ಹಾಕುದು? ಮತ್ತೆ ಮಡಿಕೇರಿಯಿಂದ ತಂದ ನೀಲಿ ಹೈಡ್ರೇಂಜಿಯ ಇಲ್ಲಿ ಗುಲಾಬಿ ಹೂ ಬಿಟ್ಟದ್ದೂ ಇದೇ ಕಥೆಯಾ?

ಮುರಕಲ್ಲು:
ಹೈಡ್ರೇಂಜಿಯ ಮಾತ್ರ ಪೂರ್ತಿ ಮಣ್ಣಿನದ್ದೇ ಆಟ. ಹುಳಿ ಮಣ್ಣಲ್ಲಿ, ಪಿಎಚ್ (ಹುಳಿಯ ಅಳತೆ, ಕಮ್ಮಿಯಾದಷ್ಟು ಹುಳಿ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗೆ, ಅಲ್ಯೂಮಿನಿಯಂ ಕರಗಿ ಹೂವಿಗೆ ಹೋಗ್ತದೆ, ನೀಲಿ ಬರ್ತದೆ. ಸಿಮೆಂಟ್ ಚಟ್ಟಿಯಲ್ಲಿ ಇಟ್ಟಿದ್ರೆ ಗುಲಾಬಿ ಆಗುದೇ, ಚಟ್ಟಿ ಬದಲಿಸಿ.

ಕೇಪಳಕ್ಕೆ, ಬುಡದ ಸಿಮೆಂಟ್ ಚೂರು ಕೆರೆದು ತೆಗೀರಿ, ತರಗೆಲೆ ಗೊಬ್ಬರ ಜಾಸ್ತಿ ಹಾಕಿ. ಅವಸರಕ್ಕೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಲೀಟರ್ ನೀರಿಗೆ 5 ಗ್ರಾಂ, ಅದಕ್ಕಿಂತ ಜಾಸ್ತಿ ಬೇಡ, ಎಲೆ ಸುಡ್ತದೆ, ಸ್ವಲ್ಪ ನಿಂಬೆ ಹುಳಿ ಹಿಂಡಿ ಸಂಜೆ ಹೊತ್ತು ಚಿಗುರಿಗೆ ಸ್ಪ್ರೇ ಮಾಡಿ. ಹೊಸ ಗೋಡೆಗೆ ತಾಗಿಸ್ಬೇಡಿ, ತುಕ್ಕಿನ ಕಲೆ ಹೋಗುದಿಲ್ಲ.