ಪದಚರ್ಚೆ: ‘ಸ್ಟಾರ್ಮ್‌ವಾಟರ್’ ಕನ್ನಡದಲ್ಲಿ ಏನು? ‘ಡಿಟೆನ್ಷನ್’, ‘ರಿಟೆನ್ಷನ್’ ಎರಡಕ್ಕೂ ಒಂದೇ ಪದ ಸಾಕೇ?

ಪ್ರಶ್ನೆ

ಬಲ್ಲವರಿಗೆ ನಮಸ್ಕಾರ. ನಗರಸಭೆ, ಪುರಸಭೆಗಳ ಕಿರಿಯ ಎಂಜಿನಿಯರುಗಳಿಗೂ ಚರಂಡಿ ಕೆಲಸದ ಮೇಸ್ತ್ರಿಗಳಿಗೂ ನಡೆಯುವ ಮೂರು ದಿನದ ತರಬೇತಿಯ ಕೈಪಿಡಿ ಇಂಗ್ಲಿಷಿನಿಂದ ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ‘ಸ್ಟಾರ್ಮ್‌ವಾಟರ್’ ಒಂದು ಕಡೆ ‘ಬಿರುಗಾಳಿ ನೀರು’, ಇನ್ನೊಂದು ಕಡೆ ‘ಚಂಡಮಾರುತದ ನೀರು’ ಆಗಿದೆ. ‘ಡಿಟೆನ್ಷನ್’, ‘ರಿಟೆನ್ಷನ್’ ಎರಡೂ ‘ಸಂಗ್ರಹಣಾ ಕೊಳ’. ‘ರಿಟರ್ನ್ ಪೀರಿಯಡ್’ ಅನ್ನುವುದು ‘ಹಿಂತಿರುಗುವ ಅವಧಿ’, ‘ಇನ್ವರ್ಟ್ ಲೆವೆಲ್’ ಅನ್ನುವುದು ‘ತಲೆಕೆಳಗಾದ ಮಟ್ಟ’. ಕೆಲಸದ ಜಾಗದಲ್ಲಿ ತಿಳಿಯುವ ಮಾತು ಬೇಕು. ಬರೀ ‘ಮಳೆನೀರು’ ಅಂದರೆ ಸಾಕೇ? ಮಳೆನೀರು ಕೊಯ್ಲಿನ ಜೊತೆ ಗೊಂದಲವಾಗುವುದಿಲ್ಲವೇ?

ಉತ್ತರ 1

‘ಬಿರುಗಾಳಿ’ಯನ್ನು ಮೊದಲು ತೆಗೆದುಹಾಕಿ. ಎಂಜಿನಿಯರುಗಳ ‘ಸ್ಟಾರ್ಮ್’ನಲ್ಲಿ ಗಾಳಿಯಿಲ್ಲ. ಶುರುವಾಗಿ ನಿಲ್ಲುವ ತನಕದ ಒಂದು ಸುರಿತ ಅದು. ನಮ್ಮ ಆಡುಮಾತಿನ ‘ಒಂದು ಮಳೆ’. ಹಾಗಾಗಿ ‘ಡಿಸೈನ್ ಸ್ಟಾರ್ಮ್’ ಅಂದರೆ ‘ಲೆಕ್ಕಕ್ಕೆ ಹಿಡಿದ ಮಳೆ’. ಆದರೆ ‘ಮಳೆ’ ಎಂಬ ಪದಕ್ಕೆ ಆರಿದ್ರೆ ಮಳೆ, ಮಘೆ ಮಳೆ ಎನ್ನುವಾಗಿನ ಹದಿಮೂರು ಹದಿನಾಲ್ಕು ದಿನದ ಅರ್ಥವೂ ಇದೆ. ಎಷ್ಟು ನಿಮಿಷದ ಮಳೆ ಎಂದು ಜೊತೆಗೇ ಬರೆಯಿರಿ.

ನೀರಿನ ಮಾತಿಗೆ ಬಂದರೆ, ಚಾವಣಿಯಿಂದ ಪೈಪಿನಲ್ಲಿ ಇಳಿದು ತೊಟ್ಟಿ ಸೇರುವುದು ಮಳೆನೀರು. ಅದೇ ನೀರು ರಸ್ತೆ, ಅಂಗಳ, ಪಾರ್ಕಿಂಗ್ ಜಾಗ ಮುಟ್ಟಿ ಮಣ್ಣು, ಎಣ್ಣೆ, ಕಸ ಹೊತ್ತು ಹರಿದರೆ ‘ಸ್ಟಾರ್ಮ್‌ವಾಟರ್’. ‘ಹರಿವ ಮಳೆನೀರು’ ಎಂದರೆ ಮೇಸ್ತ್ರಿಗೂ ಅರ್ಥವಾಗುತ್ತದೆ, ಕೊಯ್ಲಿನಿಂದ ಬೇರೆಯೂ ಆಗುತ್ತದೆ. ಅದು ಹೋಗುವ ದಾರಿಗೆ ‘ಮಳೆನೀರು ಕಾಲುವೆ’ ಈಗಾಗಲೇ ಬಳಕೆಯಲ್ಲಿದೆ.

ಒಂದು ಪದವನ್ನು ಮಾತ್ರ ಈ ಕೈಪಿಡಿಯಲ್ಲಿ ಬಹಳ ಎಚ್ಚರದಿಂದ ಬಳಸಬೇಕು: ಒಳಚರಂಡಿ. ಬೆಂಗಳೂರಿನ ಮಂಡಳಿಯ ಇಂಗ್ಲಿಷ್ ಹೆಸರಿನಲ್ಲಿ ‘ಸ್ಯೂವರೇಜ್’ ಇದೆ, ರಾಜ್ಯದ ಉಳಿದ ಊರುಗಳ ಮಂಡಳಿಯ ಹೆಸರಿನಲ್ಲಿ ‘ಡ್ರೈನೇಜ್’ ಇದೆ. ಕನ್ನಡದಲ್ಲಿ ಎರಡೂ ‘ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ’. ಅಂದರೆ ಒಳಚರಂಡಿ ಎಂದರೆ ಶೌಚದ ನೀರಿನ ಪೈಪು ಎಂದೇ ಜನರ ಮನಸ್ಸಿನಲ್ಲಿ ಗಟ್ಟಿಯಾಗಿದೆ. ರಸ್ತೆಯಡಿ ಹೋಗುವ ಮಳೆನೀರಿನ ಪೈಪನ್ನು ‘ಒಳಚರಂಡಿ’ ಎಂದು ಬರೆದರೆ, ಮನೆಯ ಕೊಳಚೆ ಸಂಪರ್ಕವನ್ನು ಅದಕ್ಕೇ ಕೊಡುತ್ತಾರೆ. ಆಮೇಲೆ ಬೇಸಿಗೆಯಲ್ಲೂ ಹರಿಯುವ ಕಪ್ಪುನೀರು ಕೆರೆ ಸೇರುತ್ತದೆ. ‘ಮುಚ್ಚಿದ ಮಳೆಕಾಲುವೆ’ ಎನ್ನಿ, ಉದ್ದವಾದರೂ ಪರವಾಗಿಲ್ಲ.

‘ಡಿಟೆನ್ಷನ್’, ‘ರಿಟೆನ್ಷನ್’ ಎರಡಕ್ಕೂ ಒಂದೇ ಪದ ಖಂಡಿತ ಸಾಲದು. ಕರಡಿನ ಅತಿ ದೊಡ್ಡ ತಪ್ಪು ಅದೇ. ಒಂದು ಹೆಕ್ಟೇರ್ ಜಾಗಕ್ಕೆ ಗಂಟೆಗೆ 60 ಮಿ.ಮೀ. ವೇಗದಲ್ಲಿ ಅರ್ಧ ಗಂಟೆ ಮಳೆ ಬಿತ್ತೆನ್ನಿ. ನೆಲವೆಲ್ಲ ಕಾಂಕ್ರೀಟ್ ಆಗಿದ್ದು ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಹರಿದುಹೋಗುವ ಪಾಲು) 0.9 ಇದ್ದರೆ ಸೆಕೆಂಡಿಗೆ 150 ಲೀಟರ್ ಹರಿಯುತ್ತದೆ. ಒಟ್ಟು 270 ಘನ ಮೀಟರ್. ಮಣ್ಣು, ಹುಲ್ಲು ಇದ್ದು ಗುಣಾಂಕ 0.3 ಇದ್ದಾಗ ಹರಿಯುತ್ತಿದ್ದದ್ದು ಸೆಕೆಂಡಿಗೆ 50 ಲೀಟರ್. ಕೆಳಗಿನ ಕಾಲುವೆ ತಾಳುವುದು ಅಷ್ಟನ್ನೇ. ಆ 50ನ್ನು ಬಿಡುತ್ತಾ ಉಳಿದದ್ದನ್ನು ಸ್ವಲ್ಪ ಹೊತ್ತು ತಡೆಯಬೇಕಾದರೆ ಸುಮಾರು 180 ಘನ ಮೀಟರ್ ಖಾಲಿ ಜಾಗ ಬೇಕು. ಇದು ಡಿಟೆನ್ಷನ್. ತಳದಲ್ಲಿ 150 ಮಿ.ಮೀ. ತೂತು, ಅದರ ಮೇಲೆ ಒಂದು ಮೀಟರ್ ನೀರು ನಿಂತಾಗ ಸೆಕೆಂಡಿಗೆ ಹತ್ತಿರಹತ್ತಿರ 47 ಲೀಟರ್ ಹೋಗುತ್ತದೆ. ಮಳೆ ನಿಂತ ಮೇಲೆ ಸುಮಾರು ಎರಡು ಗಂಟೆಯಲ್ಲಿ ಕೊಳ ಬರಿದಾಗುತ್ತದೆ, ಮುಂದಿನ ಮಳೆಗೆ ಸಿದ್ಧವಾಗುತ್ತದೆ.

ಇದನ್ನು ‘ಸಂಗ್ರಹಣಾ ಕೊಳ’ ಎಂದು ಬರೆದಿರಿ ಎನ್ನಿ. ನೋಡಿಕೊಳ್ಳುವವರು ಸಂಗ್ರಹಿಸುತ್ತಾರೆ! ನೀರು ಸುಮ್ಮನೆ ಪೋಲಾಗುತ್ತಿದೆ ಎಂದು ತಳದ ತೂತಿಗೆ ಗೋಣಿಚೀಲ ತುರುಕುತ್ತಾರೆ, ಕೊಳ ತುಂಬಿ ಚೆನ್ನಾಗಿ ಕಾಣುತ್ತದೆ. ಮುಂದಿನ ಮಳೆ ಬಂದಾಗ ತಡೆಯಲು ಜಾಗವೇ ಇರುವುದಿಲ್ಲ, 150 ಲೀಟರೂ ಹಾಗೇ ಕೆಳಗಿನ ಬಡಾವಣೆಗೆ ನುಗ್ಗುತ್ತದೆ.

ನನ್ನ ಸಲಹೆ: ಡಿಟೆನ್ಷನ್‌ಗೆ ‘ತಡೆಕೊಳ’, ಸದಾ ನೀರು ನಿಲ್ಲಿಸಿಕೊಂಡು ಅದರ ಮೇಲಷ್ಟೇ ತಡೆಯುವ ರಿಟೆನ್ಷನ್‌ಗೆ ‘ನಿಲುಕೊಳ’. ತಡೆಕೊಳ ಮೊದಲು ಬಂದ ಕಡೆ ‘ಮಳೆಯಿಲ್ಲದಾಗ ಖಾಲಿ ಇರಲೇಬೇಕಾದ ಕೊಳ’ ಎಂದು ಅರ್ಥ ಕೊಡಿ.

ಕೊಳದ ಭಾಗಗಳಿಗೆ ಹೊಸ ಪದ ಹುಡುಕಬೇಡಿ. ಕೆರೆಯ ಮಾತುಗಳಿವೆ: ಏರಿ, ತೂಬು, ಕೋಡಿ. ಆದರೆ ಎರಡು ಕಡೆ ವ್ಯತ್ಯಾಸ ಹೇಳಲೇಬೇಕು. ಕೆರೆಯ ತೂಬನ್ನು ನೀರುಗಂಟಿ ಬೇಕಾದಾಗ ಎತ್ತುತ್ತಾನೆ, ಸಾಕಾದಾಗ ಮುಚ್ಚುತ್ತಾನೆ. ತಡೆಕೊಳದ ತೂಬಿಗೆ ಬಾಗಿಲೇ ಇಲ್ಲ. ‘ತೆರೆತೂಬು’ ಎನ್ನೋಣ. 150 ಮಿ.ಮೀ. ತೂತನ್ನು ಒಂದು ಪ್ಲಾಸ್ಟಿಕ್ ಚೀಲ ಮುಚ್ಚಿಬಿಡಬಲ್ಲದು, ಆದ್ದರಿಂದ ಅದರ ಮುಂದೆ ಕಸ ತಡೆಯುವ ಜಾಲರಿ ಇರಬೇಕು. ಜಾಲರಿಯ ಒಟ್ಟು ಕಂಡಿ ತೂತಿಗಿಂತ ಎಷ್ಟೋ ಪಟ್ಟು ದೊಡ್ಡದಿರಬೇಕು. ಇನ್ನು ಕೋಡಿ. ಕೆರೆ ಕೋಡಿ ಬಿದ್ದರೆ ಊರಿಗೆ ಹಬ್ಬ, ಬಾಗಿನ ಬಿಡುತ್ತೇವೆ. ತಡೆಕೊಳದ ಕೋಡಿ ಹರಿದರೆ ಲೆಕ್ಕ ಮೀರಿದ ಮಳೆ ಬಂದಿದೆ ಅಥವಾ ತೂಬು ಕಟ್ಟಿದೆ ಎಂದರ್ಥ. ಕೆಳಗಿನವರಿಗೆ ಕೂಡಲೇ ಸುದ್ದಿ ಮುಟ್ಟಿಸಬೇಕು.

‘ಹಿಂತಿರುಗುವ ಅವಧಿ’ ಅಪಾಯದ ಅನುವಾದ. ಐದು ವರ್ಷಕ್ಕೆ ಹಿಂತಿರುಗುವ ಮಳೆ ಹೋದ ವರ್ಷ ಬಂದುಹೋಯಿತು, ಇನ್ನು ನಾಲ್ಕು ವರ್ಷ ಯೋಚನೆಯಿಲ್ಲ ಎಂದು ಓದುವವರು ತಿಳಿಯುತ್ತಾರೆ. ಆ ಪದದ ಅರ್ಥ, ಯಾವುದೇ ಒಂದು ವರ್ಷದಲ್ಲಿ ಅಷ್ಟು ಅಥವಾ ಅದಕ್ಕೂ ಜೋರಾದ ಮಳೆ ಬರುವ ಸಾಧ್ಯತೆ ಐದರಲ್ಲಿ ಒಂದು ಎಂದಷ್ಟೇ. ಹಾಗೆ ಲೆಕ್ಕ ಹಾಕಿದರೆ ಐದು ವರ್ಷದೊಳಗೆ ಒಮ್ಮೆಯಾದರೂ ಬರುವ ಸಾಧ್ಯತೆ ಶೇ 67. ಬಾರದೇ ಹೋಗುವುದೂ ಉಂಟು, ಒಂದೇ ವರ್ಷದಲ್ಲಿ ಎರಡು ಸಲ ಬರುವುದೂ ಉಂಟು. ಪಠ್ಯದಲ್ಲಿ ‘ಮರುಕಳಿಕೆ ಅವಧಿ’ ಇರಲಿ, ಪಾಠ ಹೇಳುವಾಗ ‘ಐದರಲ್ಲೊಂದರ ಮಳೆ’ ಎನ್ನಿ.

‘ಇನ್ವರ್ಟ್ ಲೆವೆಲ್’ ಎಂದರೆ ‘ತಳಮಟ್ಟ’, ಪೈಪು ಅಥವಾ ಕಾಲುವೆಯ ಒಳಗಿನ ತಳ. ಇಳಿಜಾರಿಗೆ ಹಳೇ ಮೈಸೂರು ಕಡೆಯ ಗಾರೆ ಕೆಲಸದವರಲ್ಲಿ ‘ವಾಟ’ ಎಂಬ ಒಳ್ಳೆಯ ಪದವಿದೆ. ‘ಗ್ರೇಡಿಯೆಂಟ್ 1:200’ ಎಂದು ಬರೆದು ಬಿಡುವ ಬದಲು ‘20 ಮೀಟರಿಗೆ 10 ಸೆಂ.ಮೀ. ವಾಟ’ ಎಂದರೆ ಅಲ್ಲೇ ದಾರ ಕಟ್ಟಿ ನೋಡುತ್ತಾರೆ. ವಾಟ ಕಡಿಮೆಯಾಗಿ ನೀರು ಸೆಕೆಂಡಿಗೆ 0.6 ಮೀಟರಿಗಿಂತ ನಿಧಾನವಾದರೆ ಹೂಳು ಕೂರುತ್ತದೆ.

ಸಮ್ಮೇಳನಗಳಿಂದ ಬರುವ ಹೆಸರುಗಳ ಬಗ್ಗೆಯೂ ಒಂದು ಮಾತು. ನಗರ ಮಳೆಕಾಲುವೆಗಳ ಅಂತರರಾಷ್ಟ್ರೀಯ ಸಮ್ಮೇಳನ 1978ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಶುರುವಾಯಿತು. ಬಿದ್ದಲ್ಲೇ ತಡೆ, ಇಂಗಿಸು, ನಿಧಾನವಾಗಿ ಬಿಡು ಎಂಬ ಒಂದೇ ವಿಚಾರಕ್ಕೆ ಅಮೆರಿಕದವರು ಎಲ್‌ಐಡಿ, ಬ್ರಿಟನ್ನಿನವರು ಸಡ್ಸ್, ಆಸ್ಟ್ರೇಲಿಯದವರು ಡಬ್ಲ್ಯುಎಸ್‌ಯುಡಿ, ಚೀನಾದವರು ಸ್ಪಂಜು ನಗರ ಎನ್ನುತ್ತಾರೆ. ಒತ್ತು ಕೊಡುವ ಕಡೆ ಸ್ವಲ್ಪ ಆಚೀಚೆ ಇರಬಹುದು. ನಾಲ್ಕನ್ನೂ ನಾಲ್ಕು ಪದವಾಗಿ ಕನ್ನಡಿಸಿದರೆ ಕಲಿಯುವವರು ನಾಲ್ಕು ಬೇರೆ ತಂತ್ರಗಳೆಂದು ಬರೆದುಕೊಳ್ಳುತ್ತಾರೆ. ಒಂದೇ ಅಧ್ಯಾಯ ಮಾಡಿ, ಹೆಸರುಗಳನ್ನು ಒಂದು ಸಾಲಿನಲ್ಲಿ ಮುಗಿಸಿ.

ಉತ್ತರ 2

ಮೇಲಿನವರು ಹೇಳಿದ್ದಕ್ಕೆ ಒಪ್ಪಿಗೆಯಿದೆ, ಆದರೆ ಕೈಪಿಡಿ ಇಡೀ ರಾಜ್ಯಕ್ಕೆ ಹೋಗುವುದರಿಂದ ಊರಿಂದೂರಿಗೆ ಪದ ಬದಲಾಗುವುದನ್ನು ಗಮನಿಸಿ. ಹುಬ್ಬಳ್ಳಿಯಲ್ಲಿ ‘ನಾಲಾ’ ಎಂದರೆ ಊರ ನೀರು ಹೊರುವ ಹಳ್ಳ. ಮಂಡ್ಯದಲ್ಲಿ ‘ನಾಲೆ’ ಎಂದರೆ ಗದ್ದೆಗೆ ನೀರು ತರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ. ‘ನಾಲೆಗೆ ಮಳೆನೀರು ಬಿಡಿ’ ಎಂಬ ವಾಕ್ಯ ಒಂದು ಕಡೆ ಸರಿ, ಇನ್ನೊಂದು ಕಡೆ ರೈತರ ಜಗಳಕ್ಕೆ ದಾರಿ. ಮಂಗಳೂರಿನವರಿಗೆ ‘ತೋಡು’ ಬೇಕು, ಉತ್ತರದವರಿಗೆ ‘ಗಟಾರ’. ‘ಮೋರಿ’ ಹಳೇ ಮೈಸೂರಿನಲ್ಲಿ ಬೀದಿಬದಿಯ ಚರಂಡಿಯೂ ಹೌದು, ರಸ್ತೆಯಡಿಯ ಕಿರುಸೇತುವೆಯೂ ಹೌದು. ಎರಡನೆಯದಕ್ಕೆ ‘ಅಡ್ಡಮೋರಿ’ ಎಂದೇ ಬರೆಯಿರಿ.

‘ಇಂಗುಗುಂಡಿ’ಯಲ್ಲೂ ಇದೇ ತೊಡಕು. ಹಳ್ಳಿಗಳ ಕಡೆ ಬಚ್ಚಲುನೀರು ಇಂಗಿಸುವ ಗುಂಡಿಗೂ ಅದೇ ಹೆಸರು ಹೇಳುತ್ತಾರೆ. ಸೋಪಿನ ನೀರಿನದ್ದು ‘ಬಚ್ಚಲುಗುಂಡಿ’, ಮಳೆಯದ್ದು ‘ಮಳೆ ಇಂಗುಗುಂಡಿ’ ಎಂದು ಬೇರ್ಪಡಿಸಿ. ರಸ್ತೆಯ ನೀರನ್ನು ಇಂಗುಗುಂಡಿಗೆ ನೇರವಾಗಿ ಬಿಡಬಾರದು, ಮೊದಲು ‘ಹೂಳುತೊಟ್ಟಿ’ ದಾಟಬೇಕು. ಇಲ್ಲದಿದ್ದರೆ ನುಣುಪು ಜೇಡಿ ತಳದಲ್ಲಿ ಪದರ ಕಟ್ಟಿ ಗುಂಡಿ ಬರೀ ನೀರುತೊಟ್ಟಿಯಾಗುತ್ತದೆ.

‘ರಾಜಕಾಲುವೆ’ಯನ್ನು ಇಂಗ್ಲಿಷಿಗೆ ‘ಡ್ರೈನ್’ ಎಂದಾಗ ಕೆರೆಯಿಂದ ಕೆರೆಗೆ ನೀರು ಒಯ್ಯುವ ಕೊಂಡಿ ಎಂಬ ಅರ್ಥ ಕಳೆದುಹೋಯಿತು, ಕನ್ನಡದಲ್ಲಾದರೂ ಉಳಿಸಿಕೊಳ್ಳೋಣ. ಅದರ ಅಕ್ಕಪಕ್ಕ ಬಿಡಬೇಕಾದ ಜಾಗ ಬರೆಯುವಾಗ ‘ಎಲ್ಲಿಂದ’ ಎಂಬುದು ತಪ್ಪಬಾರದು. ಬೆಂಗಳೂರಿನ ‘ಪರಿಷ್ಕೃತ ಮಹಾಯೋಜನೆ 2015’ ಪ್ರಾಥಮಿಕ, ದ್ವಿತೀಯ, ತೃತೀಯ ಕಾಲುವೆಗಳಿಗೆ 50, 25, 15 ಮೀಟರ್ ಎಂದದ್ದು ಕಾಲುವೆಯ ನಡುಗೆರೆಯಿಂದ. ಹಸಿರು ನ್ಯಾಯಮಂಡಳಿ 2016ರಲ್ಲಿ 50, 35, 25 ಎಂದದ್ದು ಅಂಚಿನಿಂದ. ಅದನ್ನು ಸುಪ್ರೀಂ ಕೋರ್ಟ್ 2019ರ ಮಾರ್ಚಿನಲ್ಲಿ ತೆಗೆದುಹಾಕಿತು. 20 ಮೀಟರ್ ಅಗಲದ ಕಾಲುವೆಯಲ್ಲಿ ‘ನಡುವಿನಿಂದ’, ‘ಅಂಚಿನಿಂದ’ ಎಂಬ ಪದ ಬದಲಾದರೆ ಪ್ರತಿ ದಡದಲ್ಲೂ 10 ಮೀಟರ್ ನೆಲ ಆಚೀಚೆಯಾಗುತ್ತದೆ.

ಕೊನೆಯದು ‘ಡಿಸಿಲ್ಟಿಂಗ್’. ‘ಹೂಳೆತ್ತುವುದು’ ಸರಿಯಾದ ಕನ್ನಡವೇ, ಆದರೆ ಕಾಮಗಾರಿ ಪಟ್ಟಿಯಲ್ಲಿ ಅಷ್ಟೇ ಇದ್ದರೆ ಎತ್ತಿದ ಹೂಳು ದಡದ ಮೇಲೇ ಉಳಿಯುತ್ತದೆ, ಮೊದಲ ಜೋರು ಮಳೆಗೆ ಮರಳಿ ಕಾಲುವೆಗೆ ಇಳಿಯುತ್ತದೆ. ‘ಹೂಳೆತ್ತಿ, ನೀರು ಬಸಿದ ಮೇಲೆ ಸಾಗಿಸುವುದು’ ಎಂದು ಪೂರ್ತಿ ಬರೆಯಿರಿ, ಎಷ್ಟು ದಿನದೊಳಗೆ ಎಂಬುದನ್ನೂ ಅದೇ ಸಾಲಿನಲ್ಲಿ ಸೇರಿಸಿ.